ರೈಲ್ವೆ ಆಫೀಸಿನ್ಯಾಗ ಬಂದು ಕೂತ ನಮ್ಮ ಕಾಲೇಜು

ಮೊನ್ನೆ ನಮ್ಮ ತಂಗಿ ಮಗಳು ಪಿಯುಸಿ ಮಾರ್ಕ್ಸ್ ಕಾರ್ಡ್ ಹಿಡಕೊಂಡು ಬಂದ್ಲು. ಮೊಬೈಲಿನ್ಯಾಗ ಹನ್ನೆರಡು ಕಾಲೇಜಿನ ಹೆಸರು ಬರಕೊಂಡಾಳ. ಬೆಂಗಳೂರಿನವು ಏಳು, ಪುಣೆದವು ಎರಡು, ಉಳಿದವು ನಮ್ಮ ಹುಬ್ಬಳ್ಳಿ-ಧಾರವಾಡದವು. "ದೊಡ್ಡವ್ವ, ನನಗ ಯಾವುದು ಹೊಂದತದ, ಹೇಳು" ಅಂದ್ಲು. ನಾ ಒಲಿ ಮುಂದ ಶೇಂಗಾ ಹುರೀಲಿಕ್ಕೆ ನಿಂತಿದ್ದೆ. ಆ ಪಟ್ಟಿ ನೋಡಿ ನನಗ ಬ್ಯಾರೇನ ನೆನಪಾತು. ನಮ್ಮ ಅಜ್ಜನ ಕಾಲಕ್ಕ ಇಂಥಾ ಪಟ್ಟಿ ಬರದಿದ್ರ ಅದರಾಗ ಧಾರವಾಡದ ಹೆಸರ ಇರತಿದ್ದಿಲ್ಲ.

ಆಗ ನಾವು ಮುಂಬೈ ಪ್ರಾಂತ್ಯದಾಗ ಇದ್ವಿ. ಮುಂಬೈ ವಿಶ್ವವಿದ್ಯಾಲಯ 1857ರಾಗ ಆತು, ಖರೆ. ಆದ್ರ ಅದರಿಂದ ಧಾರವಾಡದ ಹುಡುಗರಿಗೆ ಊರಾಗ ಒಂದು ಕಾಲೇಜೇನೂ ಬರಲಿಲ್ಲ. ಮ್ಯಾಟ್ರಿಕ್ ತನಕ ಇಲ್ಲೇ ಓದಬಹುದಿತ್ತು. ಬಿ.ಎ. ಮಾಡಬೇಕಂದ್ರ ಗಂಟು ಕಟ್ಟಬೇಕು: ಪುಣೆದ ಡೆಕ್ಕನ್ ಕಾಲೇಜು, 1885ರಾಗ ಹುಟ್ಟಿದ ಫರ್ಗ್ಯುಸನ್, ಇಲ್ಲಾಂದ್ರ ಮುಂಬೈದ ಎಲ್ಫಿನ್‌ಸ್ಟನ್. ಆಲೂರ ವೆಂಕಟರಾಯರು ಫರ್ಗ್ಯುಸನ್ನಿಗೆ ಹೋದ್ರು. ಬೇಂದ್ರೆಯವರೂ ಅಲ್ಲಿಗೇ ಹೋದ್ರು, ಪುಣೆದಾಗ ಕಾಕಾನ ಮನಿಯೊಳಗ ಇದ್ದು ಓದಿ 1918ರಾಗ ಬಿ.ಎ. ಮುಗಿಸಿದ್ರು. ಅಂದ್ರ ಆಗ ಕಾಲೇಜು ಆರಿಸೂದು ಅಂದ್ರ ಯಾವ ಊರಾಗ ಕಾಕಾ ಅದಾನ, ಯಾವ ಊರಾಗ ಸೋದರಮಾವ ಅದಾನ ಅಂತ ನೋಡೂದು. ವಿಷಯ, ಮಾಸ್ತರು, ಇವೆಲ್ಲಾ ಆಮ್ಯಾಲಿನ ಮಾತು.

ಗಂಡುಹುಡುಗರ ಮಾತಾತು ಇದು. ಹೆಣ್ಣುಹುಡುಗಿನ್ನ ಯಾವ ಕಾಕಾನ ಮನಿಗೆ ಕಳಸತಾರ್ರಿ? ಪುಣೆದಾಗ ಕರ್ವೆಯವರು 1916ರಾಗ ಹೆಣ್ಣುಮಕ್ಕಳ ಸಲುವಾಗೇ ಒಂದು ವಿಶ್ವವಿದ್ಯಾಲಯ ತಗದ್ರು, ತಾಯಿನುಡಿಯೊಳಗ ಕಲಿಸಬೇಕು ಅಂತ ಹಟ ಹಿಡದ್ರು. ದೊಡ್ಡ ಕೆಲಸಾನ ಅದು. ಆದ್ರ ಪುಣೆದ ತಾಯಿನುಡಿ ಮರಾಠಿ. ನಮ್ಮ ಹುಡುಗ್ಯಾರಿಗೆ ಅದೂ ಪರರ ಮನಿ ಮಾತೇ ಅಲ್ಲೇನು?

ಈಗ ನಮ್ಮ ಕರ್ನಾಟಕ ಕಾಲೇಜಿನ ಕಟ್ಟಡದ ಕತಿ ಹೇಳಬೇಕು. ಅದರ ಮುಂದ ನಾವೆಲ್ಲಾ ನೂರು ಸಲ ಹಾದಿವಿ, ಅದೇನಿತ್ತು ಅಂತ ಕೇಳಿದವರು ಕಡಿಮಿ. ಅದು ಸದರ್ನ್ ಮರಾಠಾ ರೈಲ್ವೆಯ ದೊಡ್ಡ ಆಫೀಸು. ಪುಣೆ ಕಡೆ ಹೋಗೋ ಮೀಟರ್ ಗೇಜ್ ರೈಲು ಈ ಕಂಪನಿದ. ಬಿ.ಎ. ಓದಲಿಕ್ಕೆ ನಮ್ಮ ಹುಡುಗರನ್ನ ಬೆಳಗಾವಿ, ಮಿರಜ ದಾಟಿಸಿ ಒಯ್ಯೂದು ಅದ. 1908ರಾಗ ಆ ಕಂಪನಿ ಮದ್ರಾಸ್ ರೈಲ್ವೆ ಜೋಡಿ ಕೂಡಿತು, ಮುಖ್ಯ ಆಫೀಸು ಮದ್ರಾಸಿಗೆ ಹೋತು, ಧಾರವಾಡದ ಅಷ್ಟು ದೊಡ್ಡ ಕಟ್ಟಡಕ್ಕ ಕೆಲಸ ಇಲ್ಲಧಂಗ ಆತು.

ಇತ್ತ ಅರಟಾಳ ರುದ್ರಗೌಡರು, ರೊದ್ದ ಶ್ರೀನಿವಾಸರಾಯರು ನಮ್ಮ ಊರಿಗೊಂದು ಕಾಲೇಜು ಬೇಕು ಅಂತ ಸರಕಾರದ ಬೆನ್ನು ಹತ್ತಿದ್ರು, ಜನರ ಹತ್ರ ವಂತಿಗಿ ಕೂಡಿಸಿದ್ರು. 1917ರಾಗ ಕಾಲೇಜು ಶುರುವಾತು, ಮುಂದ ರೈಲ್ವೆಯ ಆ ಕಟ್ಟಡದಾಗ ಬಂದು ಕೂತಿತು. ಹುಡುಗರನ್ನ ಊರು ಬಿಡಸತಿದ್ದ ಕಂಪನಿಯ ಮನಿಯೊಳಗ, ಊರು ಬಿಡದ ಓದೋ ಸಾಲಿ! ಬೇಂದ್ರೆಯವರಿಗೂ ಗೋಕಾಕರಿಗೂ ವಯಸ್ಸಿನಾಗ ಹದಿಮೂರು ವರ್ಷದ ಅಂತರ. ಅಷ್ಟರಾಗ ಸವಣೂರಿನ ಹುಡುಗ ಗೋಕಾಕರು ಪುಣೆಕ್ಕ ಹೋಗದ ಧಾರವಾಡದಾಗ ಕಾಲೇಜು ಓದಿದ್ರು.

ಆಮ್ಯಾಲೆ ಒಂದೊಂದ ಬಂದುವು. 1933ರಾಗ ಬೆಳಗಾವಿಯ ಲಿಂಗರಾಜ ಕಾಲೇಜು, 1947ರಾಗ ಹುಬ್ಬಳ್ಳಿಯ ಬಿವಿಬಿ ಎಂಜಿನಿಯರಿಂಗ್ ಕಾಲೇಜು, 1949ರಾಗ ಕರ್ನಾಟಕ ವಿಶ್ವವಿದ್ಯಾಲಯ. ಈ ಕಡೀದು ಹುಟ್ಟಿದ್ದು ಮುಂಬೈದಾಗ, ಧಾರವಾಡಕ್ಕ ಬಂದದ್ದು ಮರುವರ್ಷ. ತವರಮನ್ಯಾಗ ಹಡದು ಕೂಸಿನ್ನ ಕರಕೊಂಡು ಬಂದಂಗ.

ನಮ್ಮವ್ವ ಕಾಲೇಜಿಗೆ ಹೋಗಿದ್ದು ಇದರಿಂದ. ನಡಕೋತ ಹೋಗಿ ದೀಪಾ ಹಚ್ಚೋದ್ರಾಗ ಮನಿಗೆ ಬರಬಹುದು ಅಂತ ಅಜ್ಜ ಹೂಂ ಅಂದ್ರು. ಆದ್ರ ಆಕಿ ಮನಸ್ಸು ಸೈನ್ಸಿನ ಮ್ಯಾಲಿತ್ತು. ಪ್ರಾಕ್ಟಿಕಲ್ ಮುಗಿಯೂದ್ರಾಗ ಕತ್ತಲಾಗತದ ಅಂತ ಅಜ್ಜ ಆರ್ಟ್ಸ್ ಬರಸಿದ್ರು. ಸಮೀಪ ಇದ್ದದ್ದು ಹೊಂದಿತೇನು? ಅರ್ಧಾ ಹೊಂದಿತು. ಆಕಿ ಚಿಗವ್ವನ ಮಗಳು ಒಬ್ಬಾಕಿ ರೋಣದ ಕಡೆ ಹಳ್ಳ್ಯಾಗ ಇದ್ಲು. ಲೆಕ್ಕದಾಗ ಅವ್ವನಕಿಂತ ಶ್ಯಾಣ್ಯಾಕಿ ಅಂತ ಅವ್ವನ ಹೇಳತಿದ್ಲು. ಧಾರವಾಡಕ್ಕ ಕಳಸಿದ್ರ ಎಲ್ಲಿ ಇಡೂದು ಅಂತ ಎರಡು ತಿಂಗಳು ಮಾತಾತು. ಮೂರನೇ ತಿಂಗಳು ಮದುವಿ ಆತು. ಮುಂದ ಆಕಿ ಮಕ್ಕಳಿಗೆಲ್ಲಾ ಮನ್ಯಾಗ ತಾನ ಲೆಕ್ಕ ಹೇಳಿಕೊಟ್ಲಂತ.

ಇಷ್ಟೂ ಹೇಳಿದ ಮ್ಯಾಲೆ ಹುಡುಗಿ ಸುಮ್ಮನ ಕೂತು ಮೊಬೈಲ್ ನೋಡಿದ್ಲು. ಹಾಸ್ಟೆಲ್ ಇಲ್ಲದ ನಾಕು ಕಾಲೇಜು ಅಳಿಸಿದ್ಲು. ಲ್ಯಾಬ್ ಚಲೋ ಇಲ್ಲ ಅಂತ ಗೆಳತ್ಯಾರು ಹೇಳಿದ ಒಂದನ್ನ, ಮನಿಗೆ ಎಲ್ಲಾಕಿಂತ ಸಮೀಪದ್ದು ಅದು, ನನ್ನ ಮಾರಿ ನೋಡಕೋತನ ಅಳಿಸಿದ್ಲು. ಪುಣೆದವು ಎರಡೂ ಉಳದುವು.

"ದೊಡ್ಡವ್ವ, ಪುಣೆದಾಗ ನಮ್ಮವರು ಯಾರರ ಅದಾರೇನು?"

"ನಮ್ಮ ಕಾಕಾನ ಮಗ ಅದಾನ. ಖರೆ, ಒಂದ ಖೋಲಿ ಮನಿ" ಅಂದೆ. ಅಷ್ಟರಾಗ ಶೇಂಗಾ ಸೀದು ಹೋಗಿದ್ವು.