ಗುಂಡಿಗೆ ಅಂಜದವರು ಸಾಲಕ್ಕೆ ಅಂಜಿದರು

ಸಾಲ ಅಂದರೆ ಏನು ಅಂತ ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಈ ಸಂಚಿಕೆ ಓದುವ ಸದಸ್ಯ ಬಾಂಧವರಿಗಂತೂ ಅದು ದಿನನಿತ್ಯದ ಮಾತು. ಯುದ್ಧದಲ್ಲಿ ದೇಶದ ಅತ್ಯುನ್ನತ ಪದಕ ಪಡೆದು, ಊರೂರಿನಲ್ಲಿ ಸನ್ಮಾನ ಮಾಡಿಸಿಕೊಂಡ ಒಬ್ಬ ರೈತರೂ ಇದೇ ಸಾಲದ ಸುಳಿಯಲ್ಲಿ ಸಿಕ್ಕಿ ಒದ್ದಾಡಿದರು. ಅವರೇ ಅಮೆರಿಕದ ಟೆನೆಸ್ಸಿ ರಾಜ್ಯದ ಆಲ್ವಿನ್ ಯಾರ್ಕ್. ಸೈನಿಕರು, ಚರ್ಚಿನ ಸಭಾ ಹಿರಿಯರು, ಸಂಸಾರವಂದಿಗರು. ಅವರ ಬಾಳನ್ನು ನಮ್ಮ ಬೆಳ್ಳಿಹಬ್ಬದ ಸಂದರ್ಭದಲ್ಲಿ ನೆನೆಯುವುದು ಉಚಿತವೆಂದು ಭಾವಿಸಿ ಈ ಲೇಖನ.

ಯಾರ್ಕ್ ಹುಟ್ಟಿದ್ದು 1887ರ ಡಿಸೆಂಬರ್ 13ರಂದು, ಪಾಲ್‌ಮಾಲ್ ಎಂಬ ಗುಡ್ಡಗಾಡಿನ ಹಳ್ಳಿಯಲ್ಲಿ. ಮರದ ದಿಮ್ಮಿಗಳಿಂದ ಕಟ್ಟಿದ ಎರಡು ಕೋಣೆಯ ಮನೆ. ಹನ್ನೊಂದು ಮಕ್ಕಳಲ್ಲಿ ಇವರು ಮೂರನೆಯವರು. ತಂದೆ ಬೇಸಾಯದ ಜೊತೆಗೆ ಕಮ್ಮಾರಿಕೆಯನ್ನೂ ಮಾಡುತ್ತಿದ್ದರು. ಮನೆಗೆಲಸವೇ ಸಾಕಾಗಿಹೋಗುತ್ತಿತ್ತು, ಇನ್ನು ಶಾಲೆಯೆಲ್ಲಿ ಬಂತು? ಎಲ್ಲ ಕೂಡಿಸಿದರೂ ಅವರು ಓದಿದ್ದು ಸುಮಾರು ಒಂಬತ್ತು ತಿಂಗಳು ಅಷ್ಟೆ. 1911ರಲ್ಲಿ ತಂದೆ ತೀರಿಕೊಂಡರು. ಅಣ್ಣಂದಿರಿಬ್ಬರೂ ಮದುವೆಯಾಗಿ ಬೇರೆ ಹೋಗಿದ್ದರಿಂದ ತಾಯಿಯ ಮತ್ತು ತಮ್ಮ ತಂಗಿಯರ ಭಾರ ಇವರ ಹೆಗಲಿಗೆ ಬಿತ್ತು. ರೈಲು ದಾರಿಯ ಕೆಲಸ, ಮರ ಕಡಿಯುವ ಕೆಲಸ, ಸಿಕ್ಕಿದ್ದೆಲ್ಲ ಮಾಡಿದರು.

ದುಡಿಮೆಗಾರರು ನಿಜ, ಆದರೆ ಕುಡಿತ, ಜೂಜು, ಹೊಡೆದಾಟ ಇವೂ ಇದ್ದವು. 1915ರ ಹೊಸ ವರ್ಷದ ದಿನ ಅವರು ಅದನ್ನೆಲ್ಲ ಬಿಟ್ಟು ಊರಿನ ಪುಟ್ಟ ಚರ್ಚಿಗೆ ಸೇರಿದರು. ಸೇರಿದ ಮೇಲೆ ಸುಮ್ಮನೆ ಕೂರಲಿಲ್ಲ. ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿದರು, ಹಾಡಿಸಿದರು, ಸಭೆಯ ಎರಡನೆಯ ಹಿರಿಯರೂ ಆದರು. ಯುದ್ಧ ಪಾಪ, ಕೊಲ್ಲುವುದು ತಪ್ಪು, ಇದು ಆ ಸಭೆಯ ನಂಬಿಕೆ.

1917ರಲ್ಲಿ ಅಮೆರಿಕ ಮೊದಲನೆಯ ಮಹಾಯುದ್ಧಕ್ಕೆ ಇಳಿಯಿತು. ಕಡ್ಡಾಯ ಸೈನ್ಯ ಸೇವೆಯ ಚೀಟಿ ಬಂದಾಗ ತನಗೆ ಕಾದಾಡಲು ಇಷ್ಟವಿಲ್ಲ ಎಂದೇ ಯಾರ್ಕ್ ಅದರಲ್ಲಿ ಬರೆದರು. ಸರ್ಕಾರ ಒಪ್ಪಲಿಲ್ಲ. ತರಬೇತಿ ಶಿಬಿರದಲ್ಲಿ ಮೇಜರ್ ಬಕ್ಸ್‌ಟನ್ ಎಂಬ ಅಧಿಕಾರಿ ಇವರನ್ನು ಗದರಿಸಲಿಲ್ಲ. ಕೂರಿಸಿಕೊಂಡು ಬೈಬಲ್ಲಿನ ಮಾತುಗಳನ್ನೇ ಎತ್ತಿ ಚರ್ಚೆ ಮಾಡಿದರು, ಯೋಚಿಸಿ ಬಾ ಎಂದು ಊರಿಗೆ ರಜೆಯನ್ನೂ ಕೊಡಿಸಿದರು. ಯಾರ್ಕ್ ಊರಿಗೆ ಹೋಗಿ ಪ್ರಾರ್ಥನೆ ಮಾಡಿ, ಹೋರಾಡಬಹುದು ಎಂಬ ನಿರ್ಧಾರಕ್ಕೆ ಬಂದು ಮರಳಿದರು. ಆ ಅಧಿಕಾರಿಯ ಮೇಲಿನ ಗೌರವ ಎಷ್ಟೆಂದರೆ ಮುಂದೆ ತಮ್ಮ ಒಬ್ಬ ಮಗನಿಗೆ ಅವರ ಹೆಸರನ್ನೇ ಇಟ್ಟರು.

1918ರ ಅಕ್ಟೋಬರ್ 8. ಫ್ರಾನ್ಸಿನ ಆರ್ಗಾನ್ ಕಾಡು. ಹದಿನೇಳು ಜನರ ತಂಡ ಶತ್ರುವಿನ ಹಿಂಬದಿಗೆ ನುಸುಳಿತು. ಅಷ್ಟರಲ್ಲಿ ಮೇಲಿನ ದಿಣ್ಣೆಯಿಂದ ಮಷಿನ್‌ಗನ್ ಗುಂಡಿನ ಮಳೆ ಸುರಿಯಿತು. ಆರು ಮಂದಿ ಸತ್ತರು, ತಂಡದ ನಾಯಕ ಸಾರ್ಜೆಂಟ್ ಅರ್ಲಿ ಸೇರಿ ಮೂವರು ಗಾಯಗೊಂಡರು. ಉಳಿದ ಎಂಟು ಮಂದಿಯ ಹೊಣೆ ಕಾರ್ಪೊರಲ್ ಯಾರ್ಕ್ ಮೇಲೆ ಬಂತು. ಹುಡುಗರಾಗಿದ್ದಾಗ ಬೇಟೆಯಾಡಿ ಪಳಗಿದ ಗುರಿ, ತಪ್ಪಲಿಲ್ಲ. ಕೊನೆಗೆ ಜರ್ಮನ್ ಅಧಿಕಾರಿ ಶರಣಾದರು. 132 ಮಂದಿಯನ್ನು ಸೆರೆ ಹಿಡಿದು ತಂದರು. ಇದಕ್ಕಾಗಿ ಅವರಿಗೆ ಮೆಡಲ್ ಆಫ್ ಆನರ್ ದೊರೆಯಿತು. ಜೊತೆಗಿದ್ದವರ ಪಾಲನ್ನು ಜನ ಮರೆತರು ಎಂಬ ಕೊರಗು ಕೆಲವು ಸೈನಿಕರಲ್ಲಿ ಉಳಿಯಿತು. ಅದೂ ನ್ಯಾಯವೇ. ಅರ್ಲಿ ಅವರಿಗೂ 1929ರಲ್ಲಿ ಪದಕ ಬಂತು.

1919ರ ಮೇ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ಇಳಿದಾಗ ಜನಸಾಗರ. ಸಿನಿಮಾದವರು, ಜಾಹೀರಾತಿನವರು ಹಣದ ಥೈಲಿ ಹಿಡಿದು ಬಂದರು. ಯಾರ್ಕ್ ಯಾವುದಕ್ಕೂ ಒಪ್ಪಲಿಲ್ಲ. ಸೈನಿಕನ ಸಮವಸ್ತ್ರ ಮಾರಾಟದ ಸರಕಲ್ಲ ಎಂಬುದು ಅವರ ನಿಲುವು. ಊರಿಗೆ ಬಂದು ಜೂನ್ 7ರಂದು ನೆರೆಮನೆಯ ಹುಡುಗಿ ಗ್ರೇಸಿಯನ್ನು ಮದುವೆಯಾದರು.

ಅವರು ಒಪ್ಪಿಕೊಂಡ ಉಡುಗೊರೆ ಒಂದೇ. ನ್ಯಾಶ್‌ವಿಲ್ ನಗರದ ರೋಟರಿ ಕ್ಲಬ್ಬಿನವರು ಸಾರ್ವಜನಿಕರಿಂದ ಹಣ ಎತ್ತಿ ಕೊಡಿಸಲು ಹೊರಟ 400 ಎಕರೆ ಜಮೀನು. ತೊಂದರೆ ಶುರುವಾಗಿದ್ದೇ ಇಲ್ಲಿಂದ. ಜಮೀನು ಕಂತಿನ ಮೇಲೆ ಕೊಂಡದ್ದು. ಕೊಡುತ್ತೇವೆಂದ ದನಕರು, ಸಲಕರಣೆ ಪೂರ್ತಿ ಬರಲಿಲ್ಲ. ಅದಕ್ಕಾಗಿ ಯಾರ್ಕ್ ಸಾಲ ತೆಗೆದರು. ಯುದ್ಧ ಮುಗಿದ ಮೇಲೆ ಬೆಳೆಯ ಬೆಲೆ ಕುಸಿಯಿತು. ಅತ್ತ ಕಂತು ಕಟ್ಟುವವರೂ ಕೈಚೆಲ್ಲಿದರು. ದಾನವಾಗಿ ಬಂದ ಭೂಮಿ ಸಾಲವಾಗಿ ಕೂತಿತು! ಯಾವ ಕಷ್ಟಕ್ಕಾದರೂ ಒಗ್ಗಿಕೊಳ್ಳಬಲ್ಲೆ, ಸಾಲಗಾರನಾಗಿರುವ ಕಷ್ಟಕ್ಕೆ ಮಾತ್ರ ಒಗ್ಗಲಾರೆ ಎಂದು ಅವರು ನೊಂದುಕೊಂಡರು. ಪತ್ರಿಕೆಗಳಲ್ಲಿ ಅವರ ಮನೆಯ ಲೆಕ್ಕ ಚರ್ಚೆಗೆ ಬಂತು, ಟೀಕೆ ಮಾಡಿದವರೂ ಇದ್ದರು. ದೇಶದ ನಾನಾ ಕಡೆಯ ಜನರ ನೆರವಿನಿಂದ 1921ರ ಕ್ರಿಸ್‌ಮಸ್ ಹೊತ್ತಿಗೆ ಕಂತು ತೀರಿತು.

ಇಷ್ಟು ಕಂಡವರು ಇನ್ನು ತಮ್ಮ ಪಾಡಿಗೆ ತಾವಿರಬೇಕಿತ್ತಲ್ಲ? ಇಲ್ಲ. ತನಗೆ ಸಿಗದ ವಿದ್ಯೆ ಗುಡ್ಡಗಾಡಿನ ಮಕ್ಕಳಿಗೆ ಸಿಗಲಿ ಎಂದು ಬೇಸಾಯ ಮತ್ತು ಕೈಕಸುಬು ಕಲಿಸುವ ಶಾಲೆಗೆ ಕೈಹಾಕಿದರು. ಹಣ ಎತ್ತಲು ಊರೂರು ತಿರುಗಿದರು. ಜನ ಯುದ್ಧದ ಕಥೆ ಕೇಳಲು ಬಂದರೆ ಇವರು ಮಕ್ಕಳ ಓದಿನ ಮಾತಾಡುತ್ತಿದ್ದರು. ಶಾಲೆ ಎಲ್ಲಿ ಕಟ್ಟಬೇಕು ಅನ್ನುವುದರ ಮೇಲೆ ಸ್ಥಳೀಯ ಮುಖಂಡರ ಜೊತೆ ಜಗಳ, ಕೋರ್ಟು ಕಚೇರಿ ಎಲ್ಲ ಆಯಿತು. ಯಾರ್ಕ್ ಕೂಡ ಪಟ್ಟು ಸಡಿಲಿಸುವ ಜಾಯಮಾನದವರಲ್ಲ. ಅಂತೂ 1920ರ ದಶಕ ಮುಗಿಯುವುದರೊಳಗೆ ಜೇಮ್ಸ್‌ಟೌನ್ ಊರಿನಲ್ಲಿ ಶಾಲೆ ನಿಂತಿತು. ಮುಂದೆ ಆರ್ಥಿಕ ಮುಗ್ಗಟ್ಟಿನ ದಿನಗಳಲ್ಲಿ ಸರ್ಕಾರದ ಹಣ ಬಾರದಿದ್ದಾಗ, ಮಕ್ಕಳನ್ನು ಕರೆತರುವ ಬಸ್ಸಿನ ಖರ್ಚಿಗಾಗಿ ಅವರು ತಮ್ಮ ಜಮೀನನ್ನೇ ಅಡವಿಟ್ಟರು. ಗಮನಿಸಿ, ಸಾಲ ಅಂದರೆ ಹೆದರುತ್ತಿದ್ದವರು ತಾವಾಗಿಯೇ ಮತ್ತೆ ಸಾಲ ಮಾಡಿದ್ದು ಊರ ಮಕ್ಕಳಿಗಾಗಿ. 1936ರಲ್ಲಿ ರಾಜಕೀಯ ನಡೆದು ಅಧ್ಯಕ್ಷ ಸ್ಥಾನ ಹೋಯಿತು. ಆದರೂ ಶಾಲೆಗೆ ಕೊಡುವುದನ್ನು ಅವರು ನಿಲ್ಲಿಸಲಿಲ್ಲ.

ವರ್ಷಗಟ್ಟಲೆ ಬೇಡವೆಂದ ಸಿನಿಮಾಕ್ಕೆ ಕೊನೆಗೆ ಒಪ್ಪಿದ್ದು ಊರಿನಲ್ಲಿ ಬೈಬಲ್ ಶಾಲೆ ಕಟ್ಟಲು ಹಣ ಬೇಕೆಂದು. 1941ರಲ್ಲಿ 'ಸಾರ್ಜೆಂಟ್ ಯಾರ್ಕ್' ಚಿತ್ರ ಬಂತು, ನಾಯಕ ನಟ ಗ್ಯಾರಿ ಕೂಪರ್‌ಗೆ ಆಸ್ಕರ್ ಸಿಕ್ಕಿತು. ಆದರೆ ಆ ಆದಾಯದ ತೆರಿಗೆ ತಗಾದೆ ವರ್ಷಗಟ್ಟಲೆ ಎಳೆಯಿತು. ಬಾಕಿ ಬಡ್ಡಿ ಸೇರಿ 1 ಲಕ್ಷ 72 ಸಾವಿರ ಡಾಲರ್ ದಾಟಿತು. 1954ರಲ್ಲಿ ಪಾರ್ಶ್ವವಾಯು ಬಡಿದು ಅವರು ಹಾಸಿಗೆ ಹಿಡಿದಿದ್ದರು. 1961ರಲ್ಲಿ 25 ಸಾವಿರ ಡಾಲರಿಗೆ ರಾಜಿಯಾಯಿತು. ಆ ಹಣವನ್ನೂ ಜನರೇ ಕೂಡಿಸಿ ಕಟ್ಟಿದರು. 1964ರ ಸೆಪ್ಟೆಂಬರ್ 2ರಂದು ಯಾರ್ಕ್ ಕಣ್ಣು ಮುಚ್ಚಿದರು. ತಮ್ಮ ಹಳ್ಳಿಯ ಮಣ್ಣಿನಲ್ಲೇ ಸಮಾಧಿಯಾದರು.

ಎರಡು ಸಲ ಮುಳುಗುವ ಸ್ಥಿತಿ ಬಂದಾಗ ಅವರನ್ನು ದಡ ಸೇರಿಸಿದ್ದು ಕತ್ತಿನ ಪದಕವಲ್ಲ. ಹೆಸರು ಗೊತ್ತಿಲ್ಲದ ಸಾವಿರಾರು ಜನ ಹಾಕಿದ ಚಿಲ್ಲರೆ ಕಾಸು. ಅವರು ಹುಟ್ಟುಹಾಕಿದ ಶಾಲೆ ಅವರ ಹೆಸರಿನಲ್ಲೇ ಸರ್ಕಾರಿ ಪ್ರೌಢಶಾಲೆಯಾಗಿ ಮುಂದುವರಿದಿದೆ. ಹತ್ತು ಜನರ ಪಾಲು ಬಂಡವಾಳದಿಂದ ಬೆಳೆದ ನಮ್ಮಂಥ ಸಂಘದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಕಂತು ಕಟ್ಟುವಾಗ, ಸಾಲ ಮಂಜೂರು ಮಾಡುವಾಗ, ಸಂಘದ ಹಣ ಯಾವುದಕ್ಕೆ ಹೋಗಬೇಕು ಎಂದು ಮಹಾಸಭೆಯಲ್ಲಿ ಕೈ ಎತ್ತುವಾಗ ಆ ದೂರದ ರೈತರನ್ನು ಒಮ್ಮೆ ನೆನೆಯೋಣ.