ಚಿನ್ನ ಹುಡುಕಲು ಹೋದವರಿಗೆ ಸಿಕ್ಕ ಅಶೋಕ



ಇವತ್ತಿನ ಕಥೆ ಶುರುವಾಗೋದು 1915ರಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಆಗ ಆ ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಸಿ. ಬೀಡನ್ ಅನ್ನೋ ಒಬ್ಬ ಗಣಿ ಎಂಜಿನಿಯರ್ ಅಲ್ಲಿ ಚಿನ್ನದ ಜಾಡು ಹಿಡಿದು ಓಡಾಡುತ್ತಿದ್ದ. ಮಸ್ಕಿಯ ಗುಡ್ಡದ ಒಂದು ಬಂಡೆ ಮೇಲೆ ಅವನಿಗೆ ಅಕ್ಷರಗಳು ಕಂಡವು. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಅದೇ ವರ್ಷ ಪ್ರಕಟಿಸಿದರು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ, ಹೆಸರು ಅಶೋಕ.

ಹೆಸರು ಅಂತ ಒತ್ತಿ ಹೇಳೋದಕ್ಕೆ ಕಾರಣ ಇದೆ. ಅಲ್ಲಿಯವರೆಗೆ ಸಿಕ್ಕಿದ್ದ ರಾಜಾಜ್ಞೆಗಳಲ್ಲೆಲ್ಲ ಅವನು ತನ್ನನ್ನು 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಅಂತ ಕರೆದುಕೊಂಡಿದ್ದ. ಈ ಪ್ರಿಯದರ್ಶಿಯೇ ಅಶೋಕ ಅನ್ನೋ ತೀರ್ಮಾನ 1837ರಿಂದಲೂ ಇತ್ತು. ಆದರೆ ಅದಕ್ಕೆ ಆಧಾರ ಸಿಂಹಳದ ಬೌದ್ಧ ವೃತ್ತಾಂತಗಳು. ಅವನದೇ ಶಾಸನದಲ್ಲಿ ಅವನದೇ ಹೆಸರು ಮೊದಲು ಕಂಡಿದ್ದು ಮಸ್ಕಿಯಲ್ಲಿ. ಆಮೇಲೆ ಮಧ್ಯಪ್ರದೇಶದ ಗುಜರ್ರಾ, ನಮ್ಮ ಬಳ್ಳಾರಿ ಕಡೆಯ ನಿಟ್ಟೂರು, ಉಡೇಗೋಳಗಳಲ್ಲೂ ಸಿಕ್ಕಿತು.

ಈ ಕಥೆ ಶಾಲೆ ಪುಸ್ತಕದಲ್ಲಿ ಎರಡು ಸಾಲಲ್ಲಿ ಮುಗಿದುಹೋಗುತ್ತೆ. ಬೀಡನ್ ಅಲ್ಲಿಗೆ ಯಾಕೆ ಹೋಗಿದ್ದ ಅಂತ ಯಾರೂ ಕೇಳಲ್ಲ. ನನಗೆ ಅದೇ ಮುಖ್ಯ ಪ್ರಶ್ನೆ ಅನಿಸುತ್ತೆ. ಇಷ್ಟು ದೊಡ್ಡ ದಖ್ಖನ್‌ನಲ್ಲಿ ಚಿನ್ನ ಹುಡುಕುವವನು ಮಸ್ಕಿಗೇ ಯಾಕೆ ಬರಬೇಕು?

ಮೊದಲ ಉತ್ತರ ಕಲ್ಲಿನಲ್ಲಿದೆ. ರಾಯಚೂರು ಕಡೆ ಬಸ್ಸಲ್ಲಿ ಹೋದವರು ಕಿಟಕಿಯಿಂದ ನೋಡಿರ್ತೀರಿ, ಎಲ್ಲಿ ನೋಡಿದರೂ ಗುಂಡು ಗುಂಡು ಗ್ರಾನೈಟ್ ಬಂಡೆಗಳ ರಾಶಿ. ಆ ಬೂದು, ಗುಲಾಬಿ ಬಂಡೆಗಳ ನಡುವೆ ಕಪ್ಪು-ಹಸಿರು ಬಣ್ಣದ ಬೇರೆಯೇ ಶಿಲೆಯ ಪಟ್ಟಿಗಳಿವೆ. ಇವನ್ನು ಶಿಸ್ಟ್ ಪಟ್ಟಿ ಅಂತಾರೆ. ಬಹುಪಾಲು ಇವು ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಿಂದಿನ ಲಾವಾ, ಒತ್ತಡಕ್ಕೂ ಶಾಖಕ್ಕೂ ಸಿಕ್ಕಿ ರೂಪ ಬದಲಿಸಿದ್ದು. ಅದರ ಬಿರುಕುಗಳಲ್ಲಿ ಆಳದಿಂದ ಬಿಸಿನೀರು ಹರಿದಾಗ ಬೆಣಚುಕಲ್ಲು ಕಟ್ಟಿಕೊಂಡಿತು. ಆ ಬೆಣಚುಕಲ್ಲಿನ ಜೊತೆ ಚೂರು ಚೂರು ಚಿನ್ನವೂ ಬಂತು. ಕೋಲಾರ ಅಂಥದ್ದೇ ಒಂದು ಪಟ್ಟಿ, ಗದಗ ಇನ್ನೊಂದು, ಹಟ್ಟಿ-ಮಸ್ಕಿ ಮತ್ತೊಂದು.

ಈ ಪಟ್ಟಿಗಳನ್ನು ಒಂದೇ ಕುಟುಂಬ ಅಂತ ಗುರುತಿಸಿ, 1880ರ ದಶಕದಲ್ಲಿ 'ಧಾರವಾಡ' ಅನ್ನೋ ಹೆಸರಿಟ್ಟವನು ರಾಬರ್ಟ್ ಬ್ರೂಸ್ ಫೂಟ್. ಇವತ್ತಿಗೂ ಪ್ರಪಂಚದ ಯಾವ ಮೂಲೆಯ ಭೂವಿಜ್ಞಾನಿಗೆ ಹೇಳಿದರೂ 'ಧಾರವಾಡ' ಅಂದ್ರೆ ಗೊತ್ತು, ಪೇಡಾ ತಿಂದಿರಲಿ ಬಿಡಲಿ. ಫೂಟ್ 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಸೇರಿದವನು. 1863ರಲ್ಲಿ ಮದರಾಸಿನ ಪಲ್ಲಾವರಂ ಬಳಿ ಕಲ್ಲಿನ ಕೈಗೊಡಲಿ ಹೆಕ್ಕಿ, ಈ ದೇಶದಲ್ಲಿ ಶಿಲಾಯುಗ ಇತ್ತು ಅಂತ ತೋರಿಸಿದವನೂ ಇವನೇ. ನಕ್ಷೆ ಮಾಡುತ್ತಾ ನಡೆಯುವಾಗ ಒಂದು ಕಣ್ಣು ಶಿಲೆ ಮೇಲೆ, ಇನ್ನೊಂದು ಕಣ್ಣು ಹಳೇ ಮನುಷ್ಯರ ಗುರುತಿನ ಮೇಲೆ. ಮಸ್ಕಿಗೂ ಬೀಡನ್‌ಗಿಂತ ಮೊದಲೇ ಬಂದು ಹೋಗಿದ್ದ.

ಇದನ್ನೇ ಈಗಿನ ಭಾಷೆಯಲ್ಲಿ ಭೂವೈಜ್ಞಾನಿಕ ಸಮೀಕ್ಷೆ ಅಂತಾರೆ. ಕಾಲ್ನಡಿಗೆ, ಸುತ್ತಿಗೆ, ದಿಕ್ಸೂಚಿ, ನೋಟ್‌ಬುಕ್. ಚಿನ್ನ ಎಲ್ಲಿರಬಹುದು ಅನ್ನೋದಕ್ಕಿಂತ ಎಲ್ಲಿ ಇರೋದಿಲ್ಲ ಅನ್ನೋದನ್ನ ಇದು ಹೇಳುತ್ತೆ. ಗ್ರಾನೈಟ್ ಮೈದಾನ ಬಿಟ್ಟುಬಿಡಿ, ಕಪ್ಪು ಪಟ್ಟಿ ಹಿಡಿದು ನಡೀರಿ, ಅಷ್ಟೇ.

ಎರಡನೇ ಉತ್ತರಕ್ಕೆ ಗದಗಿನ ಕಪ್ಪತಗುಡ್ಡಕ್ಕೆ ಹೋಗಬೇಕು. ಅಲ್ಲಿ ಫೂಟ್ ನೋಡಿದ ಕೆಲಸ 1874ರಲ್ಲಿ ಅಚ್ಚಾಗಿದೆ. ಡಂಬಳ ಗುಡ್ಡಗಳ ಚಿನ್ನದ ಶಿಲೆಗಳ ಬಗ್ಗೆ ಅವನು ಬರೆದ ವರದಿ ಅದು. ಗುಡ್ಡದಿಂದ ಇಳಿಯೋ ಹಳ್ಳಗಳ ಮರಳನ್ನು ತೊಳೆದು ಚಿನ್ನದ ಕಣ ತೆಗೆಯುವ ಜನ ಅಲ್ಲಿದ್ದರು. ಅವರಿಗೆ ಜಲಗಾರರು ಅಂತ ಹೆಸರು. ಜಲಗಾರ ಅಂದ ಕೂಡಲೇ ನಮಗೆಲ್ಲ ಕುವೆಂಪು ಅವರ ನಾಟಕ ನೆನಪಾಗುತ್ತೆ, ಬೀದಿ ಗುಡಿಸುವವನು. ಇಲ್ಲಿಯ ಜಲಗಾರ ಹಳ್ಳದ ಮರಳು ಸೋಸುವವನು. ಕಸದೊಳಗಿಂದ ಬೆಲೆಯುಳ್ಳದ್ದನ್ನು ಬೇರೆ ಮಾಡೋ ಕೈ ಎರಡು ಕಡೆಯೂ ಒಂದೇ.

ಮರದ ಮರಿಗೆಯಲ್ಲಿ ಮರಳು ಹಾಕಿ ನೀರಲ್ಲಿ ಅಲುಗಾಡಿಸಬೇಕು. ಹಗುರ ಮರಳು ತೇಲಿಹೋಗುತ್ತೆ, ತೂಕದ ಕಪ್ಪು ಮರಳು ತಳದಲ್ಲಿ ನಿಲ್ಲುತ್ತೆ. ಆ ಕಪ್ಪಿನ ಅಂಚಿನಲ್ಲಿ ಒಂದೆರಡು ಹಳದಿ ಚುಕ್ಕೆ. ಒಂದು ಹಳ್ಳದಲ್ಲಿ ಚುಕ್ಕೆ ಬಂತು, ಪಕ್ಕದ ಹಳ್ಳದಲ್ಲಿ ಬರಲಿಲ್ಲ. ಹಾಗಾದರೆ ಚಿನ್ನದ ಮೂಲ ಮೊದಲ ಹಳ್ಳ ಹುಟ್ಟೋ ಗುಡ್ಡದಲ್ಲಿದೆ. ಮೇಲಕ್ಕೆ ಹೋದಂತೆ ಚುಕ್ಕೆ ಹೆಚ್ಚಾಗುತ್ತಾ ಒಂದು ಕಡೆ ಥಟ್ಟನೆ ನಿಂತರೆ, ಮೂಲವನ್ನು ದಾಟಿ ಬಂದೆವು ಅಂತ ಅರ್ಥ. ಇವತ್ತು ನಾವು ಭೂರಾಸಾಯನಿಕ ಸಮೀಕ್ಷೆ ಅಂತ ದೊಡ್ಡ ಹೆಸರಿಟ್ಟು ಮಾಡೋದು ಇದೇ ತರ್ಕ. ಮರಿಗೆಯ ಬದಲು ಪ್ರಯೋಗಾಲಯ ಬಂದಿದೆ.

ಲೆಕ್ಕ ಒಮ್ಮೆ ನೋಡಿ. ಒಂದು ಟನ್ ಕಲ್ಲಲ್ಲಿ 3 ಗ್ರಾಂ ಚಿನ್ನ ಇದ್ದರೆ ಗಣಿ ನಡೆಸಬಹುದಾದ ಅದಿರು ಅನ್ನಿಸಿಕೊಳ್ಳುತ್ತೆ. ಹತ್ತು ಲಕ್ಷ ಗ್ರಾಂನಲ್ಲಿ ಮೂರು ಗ್ರಾಂ! ಕಣ್ಣಿಗೆ ಅದು ಕಾಣೋದೇ ಇಲ್ಲ. ಮೇಲಿನ ಮಣ್ಣಲ್ಲಂತೂ ಇನ್ನೂ ಕಮ್ಮಿ. ಟನ್ನಿಗೆ ಕೆಲವು ಮಿಲಿಗ್ರಾಂ ಇರೋ ಜಾಗದಲ್ಲಿ ಇದ್ದಕ್ಕಿದ್ದಂತೆ ಐವತ್ತು ಮಿಲಿಗ್ರಾಂ ಬಂದರೆ ಭೂವಿಜ್ಞಾನಿ ಎದ್ದು ಕೂರ್ತಾನೆ. ಇನ್ನೊಂದು ತೊಡಕು: ಚಿನ್ನ ಸಮನಾಗಿ ಹರಡಿರೋದಿಲ್ಲ. ಒಂದೇ ಜಾಗದ ಎರಡು ಚೀಲ ಮಣ್ಣಲ್ಲಿ, ಒಂದರೊಳಗೆ ಆಕಸ್ಮಿಕವಾಗಿ ಒಂದು ಕಣ ಸೇರಿದ್ದರೂ ಉತ್ತರ ತಲೆಕೆಳಗಾಗುತ್ತೆ. ಅದಕ್ಕೇ ಚಿನ್ನವನ್ನಲ್ಲದೆ ಅದರ ಗೆಳೆಯರನ್ನೂ ಹುಡುಕ್ತಾರೆ. ಹಟ್ಟಿಯಲ್ಲಿ ಆ ಗೆಳೆಯ ಆರ್ಸೆನಿಕ್. ಚಿನ್ನಕ್ಕಿಂತ ಎಷ್ಟೋ ಪಾಲು ಹೆಚ್ಚಿರುತ್ತೆ, ಮಣ್ಣಲ್ಲಿ ಹೆಚ್ಚು ಸಮನಾಗಿ ಹರಡಿರುತ್ತೆ.

ಮೂರನೆಯದು ಭೂಭೌತ ಸಮೀಕ್ಷೆ. ಇದು ಬೀಡನ್ ಕಾಲಕ್ಕೆ ಇನ್ನೂ ಹುಟ್ಟುತ್ತಿದ್ದ ವಿದ್ಯೆ, ಅದಕ್ಕೆ ಬೇಗ ಹೇಳಿ ಮುಗಿಸ್ತೀನಿ. ನೆಲಕ್ಕೆ ಕಂಬಿ ಹುಗಿದು ವಿದ್ಯುತ್ ಹಾಯಿಸಿ, ನಿಲ್ಲಿಸಿದ ಮೇಲೆ ನೆಲ ಎಷ್ಟು ಹೊತ್ತು ಆ ಚಾರ್ಜನ್ನು ಹಿಡಿದಿಟ್ಟುಕೊಳ್ಳುತ್ತೆ ಅಂತ ಅಳೀತಾರೆ. ಗಂಧಕದ ಖನಿಜಗಳಿದ್ದರೆ ಹಿಡಿದಿಟ್ಟುಕೊಳ್ಳುತ್ತೆ. ತಮಾಷೆ ಏನು ಅಂದ್ರೆ ಗ್ರಾಫೈಟ್ ಇದ್ದರೂ ಹಾಗೇ ಮಾಡುತ್ತೆ, ಪೆನ್ಸಿಲ್ ಒಳಗಿನ ಕಡ್ಡಿ! ಕಾಂತೀಯ ಅಳತೆ ಮಣ್ಣಿನಡಿ ಮುಚ್ಚಿಹೋದ ಶಿಲೆಗಳ ಗಡಿ, ಬಿರುಕು ತೋರಿಸುತ್ತೆ. ಇವುಗಳಲ್ಲಿ ಯಾವ ಯಂತ್ರವೂ ನೇರವಾಗಿ ಚಿನ್ನವನ್ನು ತೋರಿಸಲ್ಲ. ಕೋಲಾರದ ಚಾಂಪಿಯನ್ ಲೋಡ್‌ನಂಥ, ಗಂಧಕ ಕಮ್ಮಿ ಇರೋ ಶುದ್ಧ ಬೆಣಚುಕಲ್ಲಿನ ಎಳೆಯ ಮುಂದೆ ಆ ವಿದ್ಯುತ್ ಅಳತೆ ಹೆಚ್ಚು ಮಾತಾಡುತ್ತಿರಲಿಲ್ಲ.

ಹಾಗಾದರೆ ಯಂತ್ರ ಇಲ್ಲದ ಕಾಲದಲ್ಲಿ ಕೋಲಾರ ಸಿಕ್ಕಿದ್ದು ಹೇಗೆ? ಇಲ್ಲೇ ನಾಲ್ಕನೇ ಉತ್ತರ ಇರೋದು, ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡದು. ಹಳೇ ಗಣಿಗಳು.

1802ರಲ್ಲಿ ಲೆಫ್ಟಿನೆಂಟ್ ಜಾನ್ ವಾರೆನ್ ಮೈಸೂರಿನ ಗಡಿ ಅಳೆಯುತ್ತಿದ್ದಾಗ, ಊರಿಗಾಂ, ಮಾರಿಕುಪ್ಪಂ ಸುತ್ತ ಜನ ಮಣ್ಣು ತೊಳೆದು ಚಿನ್ನ ತೆಗೆಯೋದನ್ನು ಕಂಡ. ಎಪ್ಪತ್ತು ವರ್ಷ ಆದ ಮೇಲೆ, ಬೆಂಗಳೂರಿನ ದಂಡಿನಲ್ಲಿದ್ದ ಮೈಕೆಲ್ ಲ್ಯಾವೆಲ್ ಅನ್ನೋ ಐರಿಷ್ ಸೈನಿಕ ವಾರೆನ್ ಬರೆದದ್ದನ್ನು ಓದಿ, ಎತ್ತಿನ ಗಾಡಿ ಹತ್ತಿ ಕೋಲಾರಕ್ಕೆ ಹೊರಟ. ಲ್ಯಾವೆಲ್ ರಸ್ತೆಯ ಲ್ಯಾವೆಲ್ ಅವನೇ. 1880ರಲ್ಲಿ ಮೈಸೂರು ಗೋಲ್ಡ್ ಮೈನಿಂಗ್ ಕಂಪನಿ ಬಂತು, ಜಾನ್ ಟೇಲರ್ ಅಂಡ್ ಸನ್ಸ್ ಉಸ್ತುವಾರಿ ವಹಿಸಿಕೊಂಡರು. ಕೆಲವೇ ವರ್ಷದಲ್ಲಿ ದುಡ್ಡು ಕರಗಿತು, ಷೇರುದಾರರು ಮುಚ್ಚಿಬಿಡೋಣ ಅಂತ ಕೂತರು. ಆಗ ಕ್ಯಾಪ್ಟನ್ ಪ್ಲಮ್ಮರ್ ಹಳಬರು ತೋಡಿ ಬಿಟ್ಟಿದ್ದ ಗುಂಡಿಗಳ ತಳಕ್ಕೆ ಇಳಿದ. ಅವರು ನಿಲ್ಲಿಸಿದ್ದ ಕಡೆಯಿಂದ ಕೆಳಗೆ ಚಾಂಪಿಯನ್ ಲೋಡ್ ಮುಂದುವರಿದಿತ್ತು. ಆಮೇಲಿನ ಕೆಜಿಎಫ್ ಕಥೆ ನಿಮಗೆ ಗೊತ್ತು. 3 ಕಿಲೋಮೀಟರ್‌ಗೂ ಮೀರಿದ ಆಳ, 2001ರಲ್ಲಿ ಬೀಗ.

ಇದೇ ಹೊತ್ತಲ್ಲಿ ವಯನಾಡಿನಲ್ಲಿ ಏನಾಯ್ತು ನೋಡಿ. ಬ್ರೋ ಸ್ಮಿತ್ ಅನ್ನೋ ಆಸ್ಟ್ರೇಲಿಯಾದ ತಜ್ಞ 1880ರಲ್ಲಿ ಆಸೆ ಹುಟ್ಟಿಸೋ ವರದಿ ಕೊಟ್ಟ. ಲಂಡನ್‌ನಲ್ಲಿ ಹತ್ತಾರು ಕಂಪನಿ ತಲೆ ಎತ್ತಿದವು. ಆಳದಲ್ಲಿ ಎಷ್ಟಿದೆ ಅಂತ ಪರೀಕ್ಷಿಸೋ ಮೊದಲೇ ಯಂತ್ರ ತಂದು ಇಳಿಸಿದರು. ಎರಡು-ಮೂರು ವರ್ಷದಲ್ಲಿ ಎಲ್ಲ ಖಾಲಿ. ಹಳೇ ಗುಂಡಿ ಅಲ್ಲೂ ಇದ್ದವು. ಗುಂಡಿ ಇದ್ದ ಮಾತ್ರಕ್ಕೆ ಗಣಿ ಆಗಲ್ಲ. ಅಲ್ಲಿ ತೋಡಿದವರು ಚಿನ್ನ ಮುಗಿದದ್ದಕ್ಕೆ ಬಿಟ್ಟರೋ, ನೀರು ಉಕ್ಕಿದ್ದಕ್ಕೆ ಬಿಟ್ಟರೋ ಅನ್ನೋದನ್ನು ಮೊದಲು ಓದಬೇಕು.

ಹಟ್ಟಿಯಲ್ಲಿ ಹಳಬರು ಎಷ್ಟು ಆಳಕ್ಕೆ ಇಳಿದಿದ್ದರು ಗೊತ್ತಾ? 600 ಅಡಿಗೂ ಹೆಚ್ಚು. ಪಂಪ್ ಇಲ್ಲ, ಸಿಡಿಮದ್ದು ಇಲ್ಲ. ಬಂಡೆಗೆ ಬೆಂಕಿ ಹಚ್ಚಿ ಕಾಯಿಸಿ, ಬಿರುಕು ಬಿಡಿಸಿ, ಒಡೆದು ಮೇಲಕ್ಕೆ ಸಾಗಿಸಿದ್ದಾರೆ. ಅಷ್ಟು ಆಳದ ಕಿರಿದಾದ ಬಾವಿಯಲ್ಲಿ ಬೆಂಕಿಯ ಹೊಗೆ ಎಲ್ಲಿಗೆ ಹೋಗುತ್ತೆ, ಯೋಚನೆ ಮಾಡಿ. ತಂದ ಕಲ್ಲನ್ನು ಕುಟ್ಟಿ ಕುಟ್ಟಿ ಸುತ್ತಲಿನ ಬಂಡೆಗಳ ಮೇಲೆ ಒರಳಿನಂಥ ಗುಳಿಗಳು ಬಿದ್ದಿವೆ. ಆಳದಲ್ಲಿ ಸಿಕ್ಕ ಆಸರೆ ಮರದ ತುಂಡುಗಳನ್ನು ಕಾರ್ಬನ್ ಕಾಲಮಾಪನಕ್ಕೆ ಒಳಪಡಿಸಿದಾಗ ಸುಮಾರು 1,900 ವರ್ಷ ಹಳೆಯವು ಅಂತ ಬಂತು. ಇಳಿದವರು ಕೂಲಿಯವರೋ, ಸೆರೆಯಾಳುಗಳೋ, ಒಂದು ಹೆಸರೂ ಯಾವ ಬಂಡೆ ಮೇಲೂ ಇಲ್ಲ. ರಾಜನ ಹೆಸರು ಇದೆ.

ಈ ಕಡೆ ಬಹಳ ಜನ ಒಂದು ಮಾತು ಹೇಳ್ತಾರೆ: ಚಿನ್ನಕ್ಕಾಗಿಯೇ ಮೌರ್ಯರು ಇಲ್ಲಿಗೆ ಬಂದರು, ಅದಕ್ಕೇ ಶಾಸನ ಇಲ್ಲಿದೆ. ಕೇಳೋಕೆ ಚೆನ್ನಾಗಿದೆ. ಬ್ರಹ್ಮಗಿರಿ ಶಾಸನದಲ್ಲಿ ಸುವರ್ಣಗಿರಿಯಲ್ಲಿದ್ದ ರಾಜಕುಮಾರನ ಪ್ರಸ್ತಾಪವಿದೆ. ಅದು ನಮ್ಮ ಕನಕಗಿರಿ ಅಂತ ಕೆಲವರು, ಆಂಧ್ರದ ಜೊನ್ನಗಿರಿ ಅಂತ ಕೆಲವರು ವಾದ ಮಾಡ್ತಾರೆ. ಅರ್ಥಶಾಸ್ತ್ರದಲ್ಲಿ ಗಣಿಗಳ ಅಧ್ಯಕ್ಷನಿಗೆ ಹೇಳಿರೋ ಕೆಲಸಗಳಲ್ಲಿ ಒಂದು, ಕಿಟ್ಟ, ಮೂಸೆ, ಇದ್ದಿಲು, ಬೂದಿಯ ಗುರುತು ನೋಡಿ ಹಿಂದೆ ನಡೆದಿದ್ದ ಗಣಿಗಳನ್ನು ಪತ್ತೆ ಹಚ್ಚೋದು. ಅಂದ್ರೆ ಹಳೇ ಗುಂಡಿ ಹುಡುಕೋ ವಿದ್ಯೆ ಆಗಲೇ ಪಠ್ಯದಲ್ಲಿತ್ತು! ಆದರೂ ನಾನು ಒಂದು ಹೆಜ್ಜೆ ಹಿಂದೆ ನಿಲ್ತೀನಿ. ಹಟ್ಟಿಯ ಆ ಮರ ಅಶೋಕನಿಗಿಂತ ಸುಮಾರು ಮುನ್ನೂರು ವರ್ಷ ಈಚಿನದು. ಅಷ್ಟು ಆಳಕ್ಕೆ ಇಳಿದ ಕಾಲವನ್ನು ಅದು ಹೇಳುತ್ತೆ, ಮೊದಲ ಗುದ್ದಲಿ ಬಿದ್ದ ಕಾಲವನ್ನಲ್ಲ. ಮಸ್ಕಿ ಶಾಸನದಲ್ಲಿ ಚಿನ್ನದ ಮಾತೇ ಇಲ್ಲ, ಇರೋದು ಧರ್ಮದ ಮಾತು. ಮೌರ್ಯರಿಗೆ ಚಿನ್ನದ ಆಸೆ ಇತ್ತು ಅನ್ನೋದು ಒಳ್ಳೇ ಊಹೆ, ಅದನ್ನು ಊಹೆ ಅಂತಲೇ ಹೇಳೋಣ.

ಊಹೆ ಅಲ್ಲದ್ದು ಇನ್ನೊಂದಿದೆ. 1929ರಲ್ಲಿ ಜೊನ್ನಗಿರಿ ಹತ್ತಿರದ ಎರ್ರಗುಡಿಯ ಅಶೋಕನ ಶಾಸನಗಳು ಬೆಳಕಿಗೆ ಬಂದವು. ಅವನ್ನು ಕಂಡವರೂ ಒಬ್ಬ ಭೂವಿಜ್ಞಾನಿ.

ಈಗಿನ ಮಾತಿಗೆ ಬರೋಣ. ಸರ್ವೇ ತಂಡ ಹೊಲದಲ್ಲಿ ಮಣ್ಣು ತುಂಬಿಕೊಂಡರೆ ಊರಲ್ಲಿ ಎರಡೇ ಸುದ್ದಿ ಹರಡುತ್ತೆ. ಒಂದು, ಬಂಗಾರ ಸಿಕ್ಕಿದೆ. ಎರಡು, ಹೊಲ ಹೋಯ್ತು. ಮೊದಲನೇದು ಸಾಮಾನ್ಯವಾಗಿ ಸುಳ್ಳು. ಮೊದಲ ಹಂತದಲ್ಲಿ ಆಸೆ ಹುಟ್ಟಿಸಿದ ಜಾಗಗಳಲ್ಲಿ ಹೆಚ್ಚಿನವು ಕೊರೆದು ನೋಡುವಾಗ ಕೈಕೊಡುತ್ತವೆ. ಎರಡನೇದನ್ನು ಮಾತ್ರ ಸುಳ್ಳು ಅಂತ ತಳ್ಳಿಹಾಕೋಕೆ ಆಗಲ್ಲ. ಜಲಗಾರರು ಮರಳು ತೊಳೆದ ಹಳ್ಳಗಳು ಇಳಿದುಬರೋ ಕಪ್ಪತಗುಡ್ಡವನ್ನೇ ತಗೊಳ್ಳಿ. ಗಿಡಮೂಲಿಕೆ, ತೋಳ, ಗಾಳಿ ಅಂತ ಜನ ವರ್ಷಗಟ್ಟಲೆ ಹೋರಾಡಿದ ಮೇಲೆ 2019ರಲ್ಲಿ ಅದು ವನ್ಯಜೀವಿ ಧಾಮ ಆಯ್ತು. ಅಲ್ಲಿ ಚಿನ್ನ ಇದೆ ಅಂತ ಫೂಟ್ ಬರೆದದ್ದು ಸುಳ್ಳಲ್ಲ. ಇದ್ದರೂ ತೆಗೆಯಬೇಕಾ ಅನ್ನೋ ಪ್ರಶ್ನೆಯನ್ನು ಮಾತ್ರ ಫೂಟ್‌ಗೆ ಯಾರೂ ಕೇಳಿರಲಿಲ್ಲ.

ಇನ್ನು, ಮಸ್ಕಿಗೆ ಹೋಗೋರಿಗೆ ಒಂದು ಸೂಚನೆ. ಶಾಸನದ ಮುಂದೆ ಫೋಟೋ ತೆಗೆಸಿಕೊಂಡು ವಾಪಸ್ ಬಸ್ ಹತ್ತಬೇಡಿ. ಹಟ್ಟಿ ದಾರಿ ಹಿಡಿದರೆ, ಗ್ರಾನೈಟ್ ಮುಗಿದು ಕಪ್ಪು ಶಿಲೆ ಶುರುವಾಗೋ ಜಾಗ ಎಲ್ಲಿ ಅಂತ ಹೊರಗೆ ನೋಡ್ತಾ ಹೋಗಿ. ನಾನು ಹೋದಾಗ ಮಣ್ಣಿನ ಬಣ್ಣ ಬದಲಾದದ್ದರಿಂದ ಗೊತ್ತಾಯ್ತು, ನಿಮಗೂ ಗೊತ್ತಾಗುತ್ತೆ.