ರಸಿಕರು ಉಳಿಸಿದ ನಾದ: ಜಾಝ್ ಚರಿತ್ರೆಯಲ್ಲಿ ಖಾಸಗಿ ಧ್ವನಿಮುದ್ರಣಗಳ ಸ್ಥಾನ

ಜಾಝ್ ಸಂಗೀತದ ಚರಿತ್ರೆಯನ್ನು ಬರೆಯುವವರಿಗೆ ಮೊದಲು ಎದುರಾಗುವುದು ಒಂದು ಮೌನ. ನ್ಯೂ ಆರ್ಲಿಯನ್ಸ್ ನಗರದ ಕಾರ್ನೆಟ್ ವಾದಕ ಬಡ್ಡಿ ಬೋಲ್ಡನ್ (1877–1931) ಈ ಸಂಗೀತದ ಮೊದಲ ನಾಯಕರೆಂದು ಅವರನ್ನು ಕೇಳಿದ್ದ ಹಿರಿಯ ವಾದಕರು ನೆನೆಯುತ್ತಿದ್ದರು. 1907ರಲ್ಲಿ ಅವರನ್ನು ಮಾನಸಿಕ ಚಿಕಿತ್ಸಾಲಯಕ್ಕೆ ಸೇರಿಸಲಾಯಿತು. ಅವರು ಅಲ್ಲಿಯೇ ತೀರಿಕೊಂಡರು. ಅವರ ವಾದನವನ್ನು ಮೇಣದ ಸಿಲಿಂಡರಿನಲ್ಲಿ ಮುದ್ರಿಸಲಾಗಿತ್ತೆಂಬ ಮಾತು ಬಹುಕಾಲದಿಂದ ಇದೆಯಾದರೂ ಅಂಥ ಸಿಲಿಂಡರ್ ಈವರೆಗೆ ದೊರೆತಿಲ್ಲ. ಜಾಝ್ ಹೆಸರಿನ ಮೊದಲ ಗ್ರಾಮಫೋನ್ ತಟ್ಟೆಗಾಗಿ ವಿಕ್ಟರ್ ಕಂಪೆನಿಯು 1917ರ ಫೆಬ್ರವರಿ 26ರಂದು ನ್ಯೂಯಾರ್ಕಿನಲ್ಲಿ ಮುದ್ರಿಸಿಕೊಂಡದ್ದು ‘ಒರಿಜಿನಲ್ ಡಿಕ್ಸಿಲ್ಯಾಂಡ್ ಜಾಸ್ ಬ್ಯಾಂಡ್’ ಎಂಬ ಐವರು ಬಿಳಿಯ ವಾದಕರ ತಂಡವನ್ನು. ಆಫ್ರಿಕನ್ ಅಮೆರಿಕನ್ನರು ರೂಪಿಸಿದ ಕಲೆಯ ಮುದ್ರಿತ ಚರಿತ್ರೆ ಹೀಗೆ ಬೇರೆಯವರಿಂದ ಆರಂಭವಾಯಿತು. ಕಿಂಗ್ ಆಲಿವರ್ ಅವರ ತಂಡ ಮತ್ತು ಅದರಲ್ಲಿದ್ದ ತರುಣ ಲೂಯಿ ಆರ್ಮ್‌ಸ್ಟ್ರಾಂಗ್ ಧ್ವನಿಮುದ್ರಣ ಯಂತ್ರದ ಮುಂದೆ ನಿಲ್ಲಲು 1923ರವರೆಗೆ ಕಾಯಬೇಕಾಯಿತು.

ಇದು ಒಂದು ಮೂಲಭೂತ ಪ್ರಶ್ನೆಯನ್ನು ಎತ್ತುತ್ತದೆ. ಜಾಝ್ ಮುಖ್ಯವಾಗಿ ಮನೋಧರ್ಮದ ಸಂಗೀತ. ಬರೆದಿಟ್ಟ ಸ್ವರಲಿಪಿಯಿಂದ ಅದರ ಜೀವಾಳ ತಿಳಿಯುವುದಿಲ್ಲ. ಒಂದು ರಾತ್ರಿ ಒಬ್ಬ ವಾದಕ ಒಂದು ಹಾಡಿನ ಚೌಕಟ್ಟಿನೊಳಗೆ ಕಟ್ಟಿದ್ದು ಆ ರಾತ್ರಿಗೇ ಮುಗಿಯುತ್ತದೆ. ಆದುದರಿಂದ ಈ ಕಲೆಗೆ ಧ್ವನಿಮುದ್ರಣವೇ ಶಾಸನ, ಅದೇ ಹಸ್ತಪ್ರತಿ. ಆ ಶಾಸನವನ್ನು ಕೊರೆಸುವ ಅಧಿಕಾರ ಬಹುಪಾಲು ವ್ಯಾಪಾರಿ ಕಂಪೆನಿಗಳ ಕೈಯಲ್ಲಿತ್ತು. ಯಾರನ್ನು ಮುದ್ರಿಸಬೇಕು, ಯಾವ ಹಾಡನ್ನು ಆರಿಸಬೇಕು ಎಂಬುದನ್ನು ಅವು ಮಾರುಕಟ್ಟೆಯನ್ನು ನೋಡಿ ನಿರ್ಧರಿಸುತ್ತಿದ್ದವು. ಹತ್ತು ಅಂಗುಲದ ತಟ್ಟೆಯ ಒಂದು ಬದಿಯಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷದ ಸಂಗೀತ ಮಾತ್ರ. ಕಂಪೆನಿಗಳು ಬಿಟ್ಟ ಜಾಗವನ್ನು ತುಂಬಿದವರು ರಸಿಕರು. ಅವರ ಕೆಲಸದ ಬೆಲೆಯನ್ನೂ ಅದರ ಮಿತಿಯನ್ನೂ ಒಟ್ಟಿಗೆ ನೋಡದೆ ಜಾಝ್ ಚರಿತ್ರೆಯ ಆಕರಗಳ ಸ್ವರೂಪ ಅರ್ಥವಾಗದು.

ರಸಿಕರ ಮೊದಲ ಕೆಲಸ ಸಂಗ್ರಹ ಮತ್ತು ಪಟ್ಟಿ. 1929ರ ಆರ್ಥಿಕ ಕುಸಿತದ ಬಳಿಕ ಅನೇಕ ಸಣ್ಣ ಕಂಪೆನಿಗಳು ಮುಚ್ಚಿದವು. 1920ರ ದಶಕದ ತಟ್ಟೆಗಳು ಅಂಗಡಿಗಳಿಂದ ಮರೆಯಾದವು. ಸಂಗ್ರಾಹಕರು ಹಳೆಯ ಸಾಮಾನಿನ ಅಂಗಡಿಗಳಲ್ಲಿ, ಕಪ್ಪು ಜನರ ಬಡಾವಣೆಗಳ ಮನೆಮನೆಗಳಲ್ಲಿ ಅವುಗಳನ್ನು ಹುಡುಕಿದರು. ದೊರೆತ ತಟ್ಟೆಯ ಮೇಲಿನ ಹೆಸರನ್ನು ನಂಬುವಂತಿರಲಿಲ್ಲ. ಒಂದೇ ತಂಡ ಬೇರೆ ಬೇರೆ ಕಂಪೆನಿಗಳಿಗೆ ಬೇರೆ ಬೇರೆ ಹೆಸರಿನಲ್ಲಿ ನುಡಿಸುತ್ತಿತ್ತು. ವಾದಕರ ಹೆಸರುಗಳನ್ನು ಸಾಮಾನ್ಯವಾಗಿ ಕೊಡುತ್ತಲೇ ಇರಲಿಲ್ಲ. ಕೇಳುವ ಕಿವಿ ಮತ್ತು ತಟ್ಟೆಯ ನಡುವಿನ ಖಾಲಿ ಜಾಗದಲ್ಲಿ ಕೆತ್ತಿರುತ್ತಿದ್ದ ಮೂಲಮುದ್ರಣದ ಸಂಖ್ಯೆ, ಇವೆರಡನ್ನೇ ಆಧಾರವಾಗಿಟ್ಟುಕೊಂಡು ಮುದ್ರಣಗಳ ಕಾಲಕ್ರಮವನ್ನು ನಿರ್ಧರಿಸಬೇಕಾಗಿತ್ತು. ಪ್ಯಾರಿಸ್ಸಿನ ಚಾರ್ಲ್ಸ್ ಡೆಲೊನೇ 1936ರಲ್ಲಿ ಪ್ರಕಟಿಸಿದ ‘ಹಾಟ್ ಡಿಸ್ಕಾಗ್ರಫಿ’ ಈ ಪದ್ಧತಿಗೆ ಒಂದು ಗ್ರಂಥರೂಪ ಕೊಟ್ಟಿತು. ನ್ಯೂಯಾರ್ಕಿನಲ್ಲಿ ಕೊಮೊಡೋರ್ ಎಂಬ ಸಂಗೀತದ ಅಂಗಡಿ ನಡೆಸುತ್ತಿದ್ದ ಮಿಲ್ಟ್ ಗೇಬ್ಲರ್, ಮಾರುಕಟ್ಟೆಯಿಂದ ಮರೆಯಾಗಿದ್ದ ತಟ್ಟೆಗಳನ್ನು ಮರುಮುದ್ರಿಸಿ, ತಟ್ಟೆಯ ಚೀಟಿಯ ಮೇಲೆ ತಂಡದ ಪ್ರತಿಯೊಬ್ಬ ವಾದಕನ ಹೆಸರನ್ನೂ ಅಚ್ಚುಹಾಕಿಸಿದರು. ಅನಾಮಿಕನಾಗಿದ್ದ ವಾದಕ ಈ ಚೀಟಿಗಳಿಂದಾಗಿ ಚರಿತ್ರೆಯ ವ್ಯಕ್ತಿಯಾದನು.

ಈ ಸಂಗ್ರಹಕ್ಕೆ ಯುದ್ಧಕಾಲ ಮತ್ತೊಂದು ಅಪಾಯ ತಂದಿತು. ತಟ್ಟೆಗಳ ತಯಾರಿಕೆಗೆ ಬೇಕಾಗಿದ್ದ ಅರಗು ಹೆಚ್ಚಾಗಿ ಭಾರತದಿಂದ ಹೋಗುತ್ತಿತ್ತು. 1942ರಲ್ಲಿ ಅಮೆರಿಕದ ಸರಕಾರ ಅದರ ಬಳಕೆಯನ್ನು ಮಿತಗೊಳಿಸಿತು. ಹಳೆಯ ತಟ್ಟೆಗಳನ್ನು ಕರಗಿಸಿ ಹೊಸದನ್ನು ಮಾಡುವ ಸಲುವಾಗಿ ಜನರಿಂದ ಅವುಗಳನ್ನು ಸಂಗ್ರಹಿಸುವ ಅಭಿಯಾನಗಳು ನಡೆದವು. ಅದೇ ವರ್ಷದ ಆಗಸ್ಟ್ 1ರಿಂದ ವಾದಕರ ಒಕ್ಕೂಟ ರಾಯಧನದ ಬೇಡಿಕೆಯೊಡನೆ ಧ್ವನಿಮುದ್ರಣಗಳನ್ನು ಬಹಿಷ್ಕರಿಸಿತು. ಡೆಕ್ಕಾ ಕಂಪೆನಿ 1943ರಲ್ಲಿ ಒಪ್ಪಂದಕ್ಕೆ ಬಂದರೆ, ವಿಕ್ಟರ್ ಮತ್ತು ಕೊಲಂಬಿಯಾ ಕಂಪೆನಿಗಳು 1944ರ ನವೆಂಬರಿನವರೆಗೆ ಒಪ್ಪಲಿಲ್ಲ. ಬೀಬಾಪ್ ಎಂಬ ಹೊಸ ಶೈಲಿ ಹಾರ್ಲೆಮ್ಮಿನ ಸಣ್ಣ ಕ್ಲಬ್ಬುಗಳಲ್ಲಿ ರೂಪುಗೊಳ್ಳುತ್ತಿದ್ದುದು ಈ ವರ್ಷಗಳಲ್ಲಿಯೇ. ಒಂದು ಯುಗ ಹುಟ್ಟುವ ಹೊತ್ತಿಗೆ ಅದರ ಶಾಸನಕಾರರು ಕೈಕಟ್ಟಿ ಕುಳಿತಿದ್ದರು.

ಆ ಹುಟ್ಟಿನ ಸದ್ದು ಇಂದು ಸ್ವಲ್ಪವಾದರೂ ಕೇಳಿಸುತ್ತದೆಂದರೆ ಅದಕ್ಕೆ ಕಾರಣ ಜೆರ್ರಿ ನ್ಯೂಮನ್ ಎಂಬ ಕೊಲಂಬಿಯಾ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ. 1941ರಲ್ಲಿ ಅವರು ಹೊತ್ತೊಯ್ಯಬಹುದಾದ ತಟ್ಟೆ ಕೊರೆಯುವ ಯಂತ್ರವನ್ನು ಹಾರ್ಲೆಮ್ಮಿನ ಮಿಂಟನ್ಸ್ ಪ್ಲೇಹೌಸಿಗೆ ಕೊಂಡೊಯ್ದು ಅಲ್ಲಿಯ ರಾತ್ರಿಗೋಷ್ಠಿಗಳನ್ನು ಮುದ್ರಿಸಿಕೊಂಡರು. ವಿದ್ಯುತ್ ಗಿಟಾರನ್ನು ಜಾಝ್ ಸಂಗೀತದ ಮುನ್ನೆಲೆಗೆ ತಂದ ಚಾರ್ಲಿ ಕ್ರಿಶ್ಚಿಯನ್ ಬೆನ್ನಿ ಗುಡ್‌ಮನ್ ಅವರ ತಂಡದ ತಟ್ಟೆಗಳಲ್ಲಿ ಕೆಲವೇ ಕ್ಷಣ ಏಕಾಂಗಿಯಾಗಿ ಕೇಳಿಸುತ್ತಾರೆ. ನ್ಯೂಮನ್ ಅವರ ತಟ್ಟೆಗಳಲ್ಲಿ ಅವರು ಆವರ್ತದ ಮೇಲೆ ಆವರ್ತವಾಗಿ ಕಲ್ಪನೆಯನ್ನು ಬೆಳೆಸುತ್ತಾರೆ. ಕೆನ್ನಿ ಕ್ಲಾರ್ಕ್ ಅವರ ಡ್ರಮ್ಮು ಅದಕ್ಕೆ ಹೊಸ ಬಗೆಯಲ್ಲಿ ಒತ್ತು ಕೊಡುತ್ತದೆ. ಕ್ರಿಶ್ಚಿಯನ್ 1942ರ ಮಾರ್ಚ್ 2ರಂದು, ಇಪ್ಪತ್ತೈದನೆಯ ವಯಸ್ಸಿನಲ್ಲಿ, ಕ್ಷಯರೋಗದಿಂದ ತೀರಿಕೊಂಡರು. ಒಬ್ಬ ವಿದ್ಯಾರ್ಥಿಯ ಹವ್ಯಾಸ ಇರದಿದ್ದರೆ ಅವರ ಕಲ್ಪನಾವಿಸ್ತಾರದ ಬಹುಪಾಲಿಗೆ ಸಾಕ್ಷಿಯೇ ಇರುತ್ತಿರಲಿಲ್ಲ.

ಇಲ್ಲಿ ಒಂದು ಎಚ್ಚರಿಕೆಯೂ ಅಗತ್ಯ. ಈ ಮುದ್ರಣಗಳಲ್ಲಿ ಅತ್ಯಂತ ಪ್ರಸಿದ್ಧವಾದದ್ದು ‘ಸ್ವಿಂಗ್ ಟು ಬಾಪ್’ ಎಂಬ ಹೆಸರಿನಿಂದ ಪ್ರಚಾರದಲ್ಲಿದೆ. ಹಳೆಯ ಶೈಲಿಯಿಂದ ಹೊಸ ಶೈಲಿಗೆ ದಾಟಿದ ಕ್ಷಣವೇ ಇದೆಂದು ಆ ಹೆಸರು ಸೂಚಿಸುತ್ತದೆ. ಆದರೆ ಅಂದು ವಾದಕರು ನುಡಿಸಿದ್ದು ‘ಟಾಪ್ಸಿ’ ಎಂಬ, ಆಗಲೇ ಎಲ್ಲರಿಗೂ ಪರಿಚಿತವಾಗಿದ್ದ ರಚನೆ. ಹೊಸ ಹೆಸರು ಬಂದದ್ದು ವರ್ಷಗಳ ಬಳಿಕ, ಪ್ರಕಟಣೆಯ ಸಂದರ್ಭದಲ್ಲಿ. ಮುಂದೆ ಚರಿತ್ರೆ ತಾಳಿದ ತೀರ್ಮಾನವನ್ನು ಆಕರದ ಮೇಲೆಯೇ ಅಂಟಿಸಿದ ಉದಾಹರಣೆ ಇದು.

ನ್ಯೂಮನ್ ಮಹಾನಗರದಲ್ಲಿದ್ದವರು. ಅವರ ಮುದ್ರಣಕ್ಕೆ ಕೆಲವೇ ತಿಂಗಳು ಮೊದಲು, ಸಂಗೀತದ ಭೂಪಟದಲ್ಲಿ ಹೆಸರಿಲ್ಲದ ಒಂದು ಊರಿನಲ್ಲಿ ಇಂಥದೇ ಕೆಲಸ ನಡೆದಿತ್ತು. 1940ರ ನವೆಂಬರ್ 7ರ ರಾತ್ರಿ ಉತ್ತರ ಡಕೋಟ ರಾಜ್ಯದ ಫಾರ್ಗೋ ಪಟ್ಟಣದ ಕ್ರಿಸ್ಟಲ್ ಬಾಲ್‌ರೂಮಿನಲ್ಲಿ ಡ್ಯೂಕ್ ಎಲಿಂಗ್ಟನ್ ಅವರ ವಾದ್ಯವೃಂದ ನೃತ್ಯಕ್ಕಾಗಿ ನುಡಿಸಿತು. ಜ್ಯಾಕ್ ಟವರ್ಸ್ ಮತ್ತು ಡಿಕ್ ಬರ್ರಿಸ್ ಎಂಬ ಇಬ್ಬರು ತರುಣರು ಮೊದಲೇ ಅನುಮತಿ ಪಡೆದು ಅದನ್ನು ಮುದ್ರಿಸಿಕೊಂಡರು. ಮುದ್ರಣವನ್ನು ವ್ಯಾಪಾರಕ್ಕೆ ಬಳಸಬಾರದೆಂಬುದು ಆ ಅನುಮತಿಯ ಷರತ್ತಾಗಿತ್ತು. ಕೂಟಿ ವಿಲಿಯಮ್ಸ್ ತಂಡವನ್ನು ಬಿಟ್ಟು, ಅವರ ಜಾಗಕ್ಕೆ ರೇ ನ್ಯಾನ್ಸ್ ಆಗತಾನೇ ಬಂದಿದ್ದರು. ಬೆನ್ ವೆಬ್‌ಸ್ಟರ್ ಅವರ ಟೆನರ್ ಸ್ಯಾಕ್ಸೊಫೋನ್, ಎರಡು ವರ್ಷದೊಳಗೆ ಕ್ಷಯದಿಂದ ಸಾಯಲಿದ್ದ ಜಿಮ್ಮಿ ಬ್ಲಾಂಟನ್ ಅವರ ಬಾಸ್ ಅಲ್ಲಿ ದಾಖಲಾದವು. ತಟ್ಟೆ ಮುಗಿದಲ್ಲಿ ಕೆಲವು ಹಾಡುಗಳು ತುಂಡಾಗಿವೆ. ಸಭಿಕರ ಮಾತು ಅಲ್ಲಲ್ಲಿ ಕೇಳಿಸುತ್ತದೆ. ಸ್ಟುಡಿಯೋದಲ್ಲಿ ಇಲ್ಲದ ಒಂದು ಸಂಗತಿ ಈ ತಟ್ಟೆಗಳಲ್ಲಿದೆ: ದುಡಿಯುತ್ತಿರುವ ತಂಡವೊಂದರ ಒಂದು ಇಡೀ ರಾತ್ರಿ. ಕಳ್ಳಪ್ರತಿಗಳು ಕೆಲಕಾಲ ಹರಡಿದ ಮೇಲೆ, 1978ರಲ್ಲಿ ಇದು ಅಧಿಕೃತವಾಗಿ ಪ್ರಕಟವಾಯಿತು. ಬಳಿಕ ಗ್ರ್ಯಾಮಿ ಪ್ರಶಸ್ತಿಯನ್ನೂ ಪಡೆಯಿತು. ಟವರ್ಸ್ ಮುಂದೆ ಹಳೆಯ ತಟ್ಟೆಗಳ ಧ್ವನಿಶುದ್ಧಿಯಲ್ಲಿ ಹೆಸರಾಂತ ತಜ್ಞರಾದರು.

ಟವರ್ಸ್ ಮತ್ತು ಬರ್ರಿಸ್ ಇಡೀ ತಂಡವನ್ನು ಉಳಿಸಿದರೆ, ಡೀನ್ ಬೆನೆಡೆಟ್ಟಿ ಉಳಿಸಿದ್ದು ಒಬ್ಬ ವಾದಕನನ್ನು ಮಾತ್ರ. ಸ್ವತಃ ಸ್ಯಾಕ್ಸೊಫೋನ್ ವಾದಕರಾಗಿದ್ದ ಅವರು 1947ರ ಮಾರ್ಚಿನಲ್ಲಿ ಲಾಸ್ ಏಂಜಲೀಸಿನ ಹೈ-ಡಿ-ಹೋ ಕ್ಲಬ್ಬಿನಲ್ಲಿ, ಮರುವರ್ಷ ನ್ಯೂಯಾರ್ಕಿನಲ್ಲಿ, ಚಾರ್ಲಿ ಪಾರ್ಕರ್ ಅವರ ವಾದನವನ್ನು ಮುದ್ರಿಸಿದರು. ಪಾರ್ಕರ್ ನುಡಿಸಲು ತೊಡಗಿದಾಗ ಯಂತ್ರ ಓಡುತ್ತಿತ್ತು. ಇತರರ ಸರದಿ ಬಂದಾಗ ಬಹುಮಟ್ಟಿಗೆ ನಿಲ್ಲುತ್ತಿತ್ತು. ಈ ಮುದ್ರಣಗಳು ದಶಕಗಳ ಕಾಲ ದಂತಕಥೆಯಾಗಿಯೇ ಉಳಿದವು. 1973ರಲ್ಲಿ ಪ್ರಕಟವಾದ ಪಾರ್ಕರ್ ಜೀವನಚರಿತ್ರೆಯಲ್ಲಿ ರಾಸ್ ರಸೆಲ್, ಬೆನೆಡೆಟ್ಟಿ ತಂತಿಯ ಮೇಲೆ ಮುದ್ರಿಸುವ ಯಂತ್ರ ಹಿಡಿದು ಪಾರ್ಕರ್ ಅವರನ್ನು ಹಿಂಬಾಲಿಸಿದ ಹುಚ್ಚು ಭಕ್ತನೆಂಬ ಚಿತ್ರವನ್ನು ಬಲಪಡಿಸಿದರು. ಬೆನೆಡೆಟ್ಟಿ 1957ರಲ್ಲಿ ಇಟಲಿಯಲ್ಲಿ ತೀರಿಕೊಂಡಿದ್ದರು. ಅವರ ಸಹೋದರ ಕಾಪಾಡಿಕೊಂಡಿದ್ದ ಸಂಗ್ರಹ 1990ರಲ್ಲಿ ಮೊಸಾಯಿಕ್ ಸಂಸ್ಥೆಯ ಮೂಲಕ ಏಳು ಸಿ.ಡಿ.ಗಳಾಗಿ ಹೊರಬಂದಾಗ ಕಥೆ ತಿದ್ದುಪಡಿಯಾಯಿತು. ಬಳಸಿದ್ದು ತಂತಿಯಲ್ಲ, ತಟ್ಟೆಗಳು ಮತ್ತು ಕಾಗದದ ಟೇಪು. ಪಾರ್ಕರ್ ಒಂದೇ ಹಾಡನ್ನು ರಾತ್ರಿಯಿಂದ ರಾತ್ರಿಗೆ ಹೇಗೆ ಬೇರೆಯಾಗಿ ಕಟ್ಟುತ್ತಿದ್ದರೆಂಬುದನ್ನು ಅಭ್ಯಸಿಸಲು ಇಷ್ಟು ಸಮೃದ್ಧ ಆಕರ ಅಪರೂಪ. ಆದರೆ ಪಾರ್ಕರ್ ಅವರಿಗೆ ಉತ್ತರ ಕೊಟ್ಟ, ಅವರನ್ನು ಕೆಣಕಿದ ಸಹವಾದಕರು ಅಲ್ಲಿ ಹೆಚ್ಚಾಗಿ ಇಲ್ಲ. ಸಂಭಾಷಣೆಯೊಂದರಲ್ಲಿ ಒಬ್ಬರ ಮಾತನ್ನಷ್ಟೇ ಬರೆದಿಟ್ಟ ಹಾಗೆ ಇದು. ಕಂಪೆನಿಯ ಲಾಭದ ದೃಷ್ಟಿ ಹೇಗೋ ಹಾಗೆಯೇ ರಸಿಕನ ಪ್ರೀತಿಯೂ ಆಕರವನ್ನು ಕತ್ತರಿಸುತ್ತದೆ.

ಪ್ರೀತಿ ಕೆಲವೊಮ್ಮೆ ಬೀಗವನ್ನೂ ಹಾಕುತ್ತದೆ. ಧ್ವನಿತಂತ್ರಜ್ಞ ಬಿಲ್ ಸೇವರಿ 1930ರ ದಶಕದ ಉತ್ತರಾರ್ಧದಲ್ಲಿ ನ್ಯೂಯಾರ್ಕಿನ ರೇಡಿಯೋ ಪ್ರಸಾರಗಳನ್ನು ದೊಡ್ಡ ಗಾತ್ರದ ತಟ್ಟೆಗಳಲ್ಲಿ ಮುದ್ರಿಸಿಟ್ಟುಕೊಂಡಿದ್ದರು. ಗುಡ್‌ಮನ್ ಅವರ ಕೆಲವು ಪ್ರಸಾರಗಳನ್ನು ಬಿಟ್ಟರೆ ಹೆಚ್ಚಿನದನ್ನು ಅವರು 2004ರಲ್ಲಿ ತೀರಿಕೊಳ್ಳುವವರೆಗೂ ಯಾರಿಗೂ ಕೇಳಿಸಲಿಲ್ಲ. ಸುಮಾರು ಸಾವಿರದಷ್ಟಿದ್ದ ಆ ತಟ್ಟೆಗಳು 2010ರಲ್ಲಿ ಹಾರ್ಲೆಮ್ಮಿನ ರಾಷ್ಟ್ರೀಯ ಜಾಝ್ ವಸ್ತುಸಂಗ್ರಹಾಲಯವನ್ನು ಸೇರುವ ಹೊತ್ತಿಗೆ ಕೆಲವು ಕೆಟ್ಟುಹೋಗಿದ್ದವು. ಉಳಿದವುಗಳನ್ನು ಶುದ್ಧಗೊಳಿಸಿದ ಮೇಲೆಯೂ ಹಕ್ಕುಸ್ವಾಮ್ಯದ ತೊಡಕುಗಳಿಂದಾಗಿ ಒಂದು ಸಣ್ಣ ಭಾಗ ಮಾತ್ರ ಸಾರ್ವಜನಿಕವಾಗಿ ಪ್ರಕಟವಾಗಿದೆ. ಅಮೆರಿಕದಲ್ಲಿ 1972ಕ್ಕಿಂತ ಹಿಂದಿನ ಧ್ವನಿಮುದ್ರಣಗಳು ಬಹುಕಾಲ ರಾಜ್ಯಗಳ ಬೇರೆ ಬೇರೆ ಕಾನೂನುಗಳಿಗೆ ಒಳಪಟ್ಟಿದ್ದವು. 2018ರ ಶಾಸನದ ಫಲವಾಗಿ 1923ಕ್ಕಿಂತ ಮೊದಲು ಪ್ರಕಟವಾದವು 2022ರ ಜನವರಿ 1ರಂದು ಮುಕ್ತವಾದವು. 1917ರ ಆ ಮೊದಲ ತಟ್ಟೆ ಸಾರ್ವಜನಿಕರ ಸೊತ್ತಾಗಲು ಒಂದು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಹಕ್ಕಿನ ಪ್ರಶ್ನೆಯನ್ನು ಕೇವಲ ಅಡ್ಡಿಯೆಂದು ತಳ್ಳಿಹಾಕುವುದೂ ಸರಿಯಲ್ಲ. ಕ್ಲಬ್ಬಿನಲ್ಲಿ ಅಥವಾ ರೇಡಿಯೋದಿಂದ ಮುದ್ರಿಸಿದ ತಟ್ಟೆಗಳನ್ನು ಮಾರಿದವರು ಅನೇಕ ಬಾರಿ ವಾದಕರಿಗೆ ಏನನ್ನೂ ಕೊಡಲಿಲ್ಲ. ಫಾರ್ಗೋದ ಷರತ್ತನ್ನು ಈ ಹಿನ್ನೆಲೆಯಲ್ಲಿಯೂ ನೋಡಬಹುದು.

ಈ ಚರಿತ್ರೆ ಕನ್ನಡದ ಗಡಿನಾಡುಗಳ ಅಧ್ಯಯನಕ್ಕೆ ದೂರದ್ದಲ್ಲ. ಕಾಸರಗೋಡಿನ ತಾಳಮದ್ದಳೆಯಲ್ಲಿ ಭಾಗವತರ ಪದ್ಯ ಮುದ್ರಿತ ಪ್ರಸಂಗದಲ್ಲಿ ಸಿಗುತ್ತದೆ. ಅರ್ಥಧಾರಿಯ ಮಾತು ಎಲ್ಲಿಯೂ ಬರೆದಿರುವುದಿಲ್ಲ. ಅದು ಆ ರಾತ್ರಿ, ಆ ಎದುರಾಳಿಯ ಮುಂದೆ ಹುಟ್ಟುವ ಆಶುಗದ್ಯ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಅರ್ಥಗಾರಿಕೆ ಇಂದು ಕೇಳಸಿಗುವುದರಲ್ಲಿ ಟೇಪ್ ರೆಕಾರ್ಡರ್ ಹಿಡಿದು ಕೂಟಗಳಿಗೆ ಹೋಗುತ್ತಿದ್ದ, ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಪ್ರತಿಮಾಡಿ ಹಂಚಿಕೊಳ್ಳುತ್ತಿದ್ದ ರಸಿಕರ ಪಾಲು ದೊಡ್ಡದು. ಅಲ್ಲಿಯೂ ಅದೇ ಪ್ರಶ್ನೆಗಳಿವೆ. ಮೆಚ್ಚಿನ ಅರ್ಥಧಾರಿಯ ಪೀಠಿಕೆಯನ್ನಷ್ಟೇ ಉಳಿಸಿ ಎದುರು ಪಾತ್ರವನ್ನು ಬಿಟ್ಟ ಕ್ಯಾಸೆಟ್ಟು ಬೆನೆಡೆಟ್ಟಿಯ ತಟ್ಟೆಗಳಿಗೆ ಸಮಾನ. ಪ್ರಸಂಗ, ಸ್ಥಳ, ದಿನಾಂಕ, ಭಾಗವತರು ಮತ್ತು ಮದ್ದಳೆಗಾರರ ಹೆಸರು ಇಲ್ಲದ ಕ್ಯಾಸೆಟ್ಟು ಕೇಳುವ ಸುಖ ಕೊಟ್ಟೀತು, ಆಕರವಾಗಲಾರದು.

ಹೆಸರು ಬರೆದಿಡುವುದರ ಬೆಲೆಯನ್ನು 2005ರ ಒಂದು ಘಟನೆ ತೋರಿಸುತ್ತದೆ. ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿ ‘ವಾಯ್ಸ್ ಆಫ್ ಅಮೆರಿಕ’ ರೇಡಿಯೋದ ಹಳೆಯ ಟೇಪುಗಳನ್ನು ಡಿಜಿಟಲ್ ರೂಪಕ್ಕೆ ತರುತ್ತಿದ್ದ ಲ್ಯಾರಿ ಆ್ಯಪಲ್‌ಬಾಮ್ ಅವರ ಕೈಗೆ 1957ರ ನವೆಂಬರ್ 29ರ ಕಾರ್ನೆಗಿ ಹಾಲ್ ಕಛೇರಿಯ ಪೆಟ್ಟಿಗೆಗಳು ಬಂದವು. ಒಂದರ ಹಿಂಬದಿಯಲ್ಲಿ ‘ಟಿ. ಮಾಂಕ್’ ಎಂದು, ಜೊತೆಗೆ ಕೆಲವು ಹಾಡುಗಳ ಹೆಸರು, ಕೈಬರಹದಲ್ಲಿತ್ತು. ಕೇಳಿದಾಗ ಥೆಲೋನಿಯಸ್ ಮಾಂಕ್ ಅವರ ಪಿಯಾನೋ ಜೊತೆಗೆ ಜಾನ್ ಕೋಲ್ಟ್ರೇನ್ ಅವರ ಸ್ಯಾಕ್ಸೊಫೋನ್ ಕೇಳಿಸಿತು. ಇವರಿಬ್ಬರು ಜೊತೆಯಾಗಿ ನುಡಿಸಿದ್ದು ಕೆಲವೇ ತಿಂಗಳು. ಸ್ಟುಡಿಯೋದಲ್ಲಿ ಉಳಿದ ಹಾಡುಗಳು ಬೆರಳೆಣಿಕೆಯವು. ಸರಕಾರಿ ಭಂಡಾರದ ಸುರಕ್ಷತೆಯಲ್ಲಿಯೇ ಈ ಟೇಪು ಸುಮಾರು ಐವತ್ತು ವರ್ಷ ಯಾರಿಗೂ ತಿಳಿಯದೆ ಬಿದ್ದಿತ್ತು. ಅದನ್ನು ಹೊರತಂದದ್ದು ಎರಡು ಸಂಗತಿ: ಹೆಸರರಿಯದ ಒಬ್ಬರು ಪೆಟ್ಟಿಗೆಯ ಮೇಲೆ ಬರೆದ ನಾಲ್ಕು ಅಕ್ಷರ ಮತ್ತು ಆ ಅಕ್ಷರಗಳನ್ನು ಕಂಡೊಡನೆ ಕುತೂಹಲಗೊಂಡ ಒಬ್ಬ ಬಲ್ಲ ಕೇಳುಗ. ಗಡಿನಾಡಿನ ಮನೆಗಳ ಕಪಾಟುಗಳಲ್ಲಿರುವ ಕ್ಯಾಸೆಟ್ಟುಗಳ ಕಾಂತಪಟ್ಟಿ ಸವೆಯುತ್ತಿದೆ. ಅವುಗಳನ್ನು ಮುದ್ರಿಸಿದವರಲ್ಲಿ ಅನೇಕರು ಇನ್ನೂ ಇದ್ದಾರೆ. ಯಾರ ದನಿ, ಯಾವ ಕೂಟ, ಯಾವ ವರ್ಷ ಎಂಬುದನ್ನು ಅವರು ಹೇಳಬಲ್ಲರು. ಆ ನಾಲ್ಕು ಅಕ್ಷರಗಳನ್ನು ಬರೆದುಕೊಳ್ಳುವ ಕೆಲಸಕ್ಕೆ ಇರುವ ಕಾಲಾವಕಾಶ ಅವರ ಆಯುಸ್ಸಿನಷ್ಟು.